ಮೂರನೆಯ ಮನೆಯ ಪೆಟ್ಟಿಗೆ

ಮುಚ್ಚಳ ತೆಗೆದ ನಿರುಪಮಾ ಹಾಗೆಯೇ ನಿಂತಳು. ಪೆಟ್ಟಿಗೆಯೊಳಗೆ ಪುಸ್ತಕಗಳಿಲ್ಲ. ಬರೀ ಕಲ್ಲಿನ ಚೂರು.

ಧಾರವಾಡದ ಆ ಕಾಲೇಜಿನ ಗ್ರಂಥಾಲಯಕ್ಕೆ ಇದು ಮೂರನೆಯ ಮನೆ. ಮೊದಲು ಬಾಡಿಗೆ ವಾಡೆಯ ಮಾಳಿಗೆ; ಅದು ಸೋರಿತು. ಆಮೇಲೆ ಇಟ್ಟಿಗೆ ಗೋಡೆಯ, ಅರಳೆ ತುಂಬುವ ವಖಾರಿ. ಅಲ್ಲಿ ಇಲಿಗಳ ರಾಜ್ಯ. ಈಗ ಕಲ್ಲುಗೋಡೆಯ ಹೊಸ ಕಟ್ಟಡ. ವಿಜಯದಶಮಿಗೆ ಕಲೆಕ್ಟರ್ ಸಾಹೇಬರಿಂದ ಉದ್ಘಾಟನೆ.

ಕಾಣೆಯಾದವು ಬ್ರಿಟಿಷ್ ಸರಕಾರಕ್ಕೆ ಆಗದ ಸ್ವರಾಜ್ಯದ ಪುಸ್ತಕಗಳು. ಬಿ.ಎ. ಓದುತ್ತಿದ್ದ ನಿರುಪಮಾ ಮನೆಮನೆ ತಿರುಗಿ, ಬೈಸಿಕೊಂಡು, ಗ್ರಂಥಾಲಯಕ್ಕೆಂದು ಕೂಡಿಸಿದ್ದವು.

"ವಖಾರಿಯಿಂದ ಹೇರಿಕೊಂಡು ಬಂದಾಂವ ಮೆಹಬೂಬ. ದಾರ್ಯಾಗ ಮಾರ್ಯಾನ," ಎಂದರು ಗ್ರಂಥಪಾಲ ಬಿಂದುಮಾಧವರಾಯರು.

ಅಷ್ಟೇ ಸಾಕಾಯಿತು. ಪೊಲೀಸರು ಬಂಡಿಕಾರನನ್ನು ಎಳೆದೊಯ್ದರು. ಅವನ ಮನೆಯ ಕೌದಿ ಹರಿದರು, ಜೋಳದ ಗಡಿಗೆ ಒಡೆದರು. ಗ್ರಂಥಾಲಯಕ್ಕೂ ಬಂದರು — ಕಪಾಟು ತಡಕಿ, ಮೂಲೆಯ ಸರಸ್ವತಿ ಪೂಜೆಗೆ ಕೈಮುಗಿದು ಹೋದರು.

ನಿರುಪಮಾಳ ಮೈ ಉರಿಯಿತು. ಕಳವಿನ ಜಾಡು ಹಿಡಿಯುವುದರಲ್ಲಿ ಹೆಸರಾಗಿದ್ದ ಸೋದರತ್ತೆ, ಶಿಕ್ಷಕಿ ಗೋದಾಬಾಯಿಯನ್ನು ಕರೆತಂದಳು.

ಗೋದಾಬಾಯಿ ಒಂದು ಚೂರನ್ನೆತ್ತಿ ಗೋಡೆಗೆ ಹಿಡಿದು ನೋಡಿದರು.

"ರಾಯರ, ಪೆಟ್ಟಿಗಿ ಇಳಿಸಿಕೊಂಡವರು ಯಾರು?"

"ನಾನ."

"ಈ ಖೋಲಿ ಕೀಲಿ?"

"ನನ್ನೊಬ್ಬನ ಕಡೆನ ಅದ. ಯಾಕ್ರಿ, ಹೆಣ್ಣುಮಕ್ಕಳು ಫೌಜದಾರಕಿ ಶುರು ಮಾಡೀರೇನು?"

"ಮಾಡಬೇಕಾತ್ರಿ. ಖರೇ ಫೌಜದಾರ್ರು ಜ್ವಾಳದ ಗಡಿಗ್ಯಾಗ ಪುಸ್ತಕ ಹುಡಕಲಿಕ್ಕತ್ತಾರ."

ಗೋದಾಬಾಯಿ ಪೂಜೆಯ ಮೂಲೆಗೆ ನಡೆದರು. ಎದೆಯೆತ್ತರದ ಪುಸ್ತಕರಾಶಿ, ಮೇಲೆ ಪೀತಾಂಬರ, ಹೂವು. ನವರಾತ್ರಿಯಲ್ಲಿ ಹೀಗೆ ಪೂಜೆಗಿಟ್ಟ ಪುಸ್ತಕವನ್ನು ದಶಮಿಯವರೆಗೆ ಯಾರೂ ಮುಟ್ಟುವುದಿಲ್ಲ.

"ಮುಟ್ಟಬ್ಯಾಡ್ರಿ!" ರಾಯರು ಅಡ್ಡ ಬಂದರು.

ಗೋದಾಬಾಯಿ ಪೀತಾಂಬರ ಎಳೆದರು. ಮೇಲೆ ನಾಲ್ಕು ಸಂಸ್ಕೃತ ಕೋಶ. ಕೆಳಗೆ ಪೂರಾ ನಿರುಪಮಾಳ ಪುಸ್ತಕಗಳು.

"ಈ ಚೂರು ಈ ಗ್ವಾಡಿಯವ, ಮೆತ್ತಿದ ಗಾರಿ ಇನ್ನೂ ಹಸಿ ಅದ. ಇಟ್ಟಂಗಿ ವಖಾರ್ಯಾಗ ಇವು ಎಲ್ಲಿಂದ ಬರಬೇಕು? ಅಂದ್ರ ಪೆಟ್ಟಿಗಿ ಖಾಲಿ ಆದದ್ದು ಇಲ್ಲೆ, ಬಂಡಿ ಹೋದ ಮ್ಯಾಲೆ. ಕೀಲಿ ನಿಮ್ಮ ಕಡೆ. ಪೊಲೀಸ್ರು ಎಲ್ಲಾ ಕಡೆ ಹುಡಿಕ್ಯಾರ, ಇದೊಂದು ಜಾಗಾ ಬಿಟ್ಟು. ಪೂಜಾಕ್ಕ ನಾಕು ಪುಸ್ತಕ ಸಾಕು, ರಾಯರ. ಎದಿಮಟ ಯಾಕ ಒಟ್ಟಿದ್ರಿ?"

ರಾಯರು ಗೋಡೆಗೆ ಒರಗಿದರು. "ಇವು ಕಲೆಕ್ಟರ್ ಸಾಹೇಬರ ಕಣ್ಣಿಗೆ ಬಿದ್ದಿದ್ರ ನನ್ನ ನೌಕರಿ ಹೋಗ್ತಿತ್ತು. ಅವರು ಬಂದು ಹೋದ ಮ್ಯಾಲೆ ಕೆಲಗೇರಿ ಕೆರಿಗೆ ಹಾಕಾಂವಿದ್ದೆ."

"ಮತ್ತ ಮೆಹಬೂಬ?" ನಿರುಪಮಾ ಕೇಳಿದಳು.

"ಯಾರದರೆ ಒಂದು ಹೆಸರು ಹೇಳಬೇಕಾಗಿತ್ತವಾ."

ಅವಳು ಬಾಗಿಲು ತೆರೆದು ನಿಂತಳು. "ನಡೀರಿ, ಪೊಲೀಸ್ ಚೌಕಿಗೆ."

"ಟಾಂಗಾ ಕರಸ್ತೇನಿ."

"ಆ ಮನಷ್ಯಾನ್ನ ಸೊಂಟಕ್ಕ ಹಗ್ಗ ಕಟ್ಟಿ ಪ್ಯಾಟಿ ತುಂಬ ನಡಸ್ಯಾರ್ರಿ. ನೀವು ಹಗ್ಗಿಲ್ಲದ ನಡೀತೀರಿ. ಅಷ್ಟ ಮರ್ಯಾದಿ ಸಾಕು."