ಉಂಡ ಹೃದಯದ ಬಣ್ಣ

ಗೌರವ್ವನ ಮಣಿಕಟ್ಟಿನ ರಕ್ತನಾಳದ ಮೂಲಕ ಕೂದಲೆಳೆಯಷ್ಟು ತೆಳುವಾದ ಗಾಜಿನ ತಂತು ಹೃದಯದವರೆಗೆ ಇಳಿದಿತ್ತು. ಅದರ ತುದಿ ಸೂಸಿದ ನೇರಳೆ ಬೆಳಕಿಗೆ ಆಕೆಯ ಹೃದಯದ ಜೀವಕೋಶಗಳು ಮಂದವಾಗಿ ಹೊಳೆಯುತ್ತಿದ್ದವು. ಪರದೆಯ ಮೇಲೆ ಒಂದಿಷ್ಟು ನೀಲಿ, ಒಂದಿಷ್ಟು ಹಸಿರು. ಯಾವ ಬಣ್ಣವನ್ನೂ ಚುಚ್ಚಬೇಕಿರಲಿಲ್ಲ. ಕೋಶದಲ್ಲಿ ಸಹಜವಾಗಿಯೇ ಇರುವ ಎರಡು ಪದಾರ್ಥಗಳ ಹೊಳಪು ಅದು.

ಡಾ. ಅರುಂಧತಿ ಮಠಪತಿ ಕಟ್ಟಿದ ಈ 'ಒಳಬೆಳಕು' ಯಂತ್ರ, ಆ ಎರಡರ ಪ್ರಮಾಣ ನೋಡಿ ಹೃದಯ ಏನನ್ನು ಉರಿಸುತ್ತಿದೆ ಎಂದು ಹೇಳುತ್ತಿತ್ತು. ಹಸಿದಾಗ ಹೆಚ್ಚಾಗಿ ಕೊಬ್ಬು, ಉಂಡಾಗ ಸಕ್ಕರೆ. ಉಂಡ ಮೇಲೂ ಬಣ್ಣ ಬದಲಿಸದ ಸ್ನಾಯು ಸತ್ತಂತೆ. ಅಂಥ ಹೃದಯಕ್ಕೆ ಶಸ್ತ್ರಚಿಕಿತ್ಸೆ ಮಾಡಿ ಫಲವಿಲ್ಲ. 2052ರ ಹೊತ್ತಿಗೆ ಗದಗದಂಥ ಊರಿನಲ್ಲೂ ಇದು ಹೇಳಿದ್ದೇ ಕೊನೆಯ ಮಾತಾಗಿತ್ತು.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೇಗಿತ್ತೋ, ಆಸ್ಪತ್ರೆಯ ಊಟ ಕೊಟ್ಟ ಮೇಲೆ ಮಧ್ಯಾಹ್ನವೂ ಗೌರವ್ವನ ಪರದೆ ಹಾಗೆಯೇ ಇತ್ತು.

"ಊಟ ಆತಿಲ್ರಿ?" ಅರುಂಧತಿ ಕೇಳಿದಳು.

"ಆತ್ರಿ ಡಾಕ್ಟರವ್ವಾರ. ನಿಮ್ಮದಾತೇನ್ರಿ?"

ಅರುಂಧತಿಗೆ ತಲೆ ಚಿಟ್ಟು ಹಿಡಿಯಿತು. ಯಾವಾಗಲೂ ಇದೇ ಗೋಳು. ಗಂಡಸರ ಹೃದಯ ಬಣ್ಣ ಬದಲಿಸುತ್ತದೆ, ಹೆಂಗಸರದು ಮೊಂಡು ಹಿಡಿದು ಕೂರುತ್ತದೆ. ಅದು ಹಾರ್ಮೋನಿನ ಪ್ರಭಾವವೆಂದು ಪ್ರಬಂಧ ಬರೆದು ಶಹಬ್ಬಾಸ್‌ಗಿರಿ ಬೇರೆ ಗಿಟ್ಟಿಸಿದ್ದಳು. 'ಶಸ್ತ್ರಚಿಕಿತ್ಸೆ ಬೇಡ' ಎಂಬ ಗುಂಡಿ ಒತ್ತಲು ಬೆರಳೆತ್ತಿದವಳು ತಡೆದಳು. ಗೌರವ್ವನ ನಾಳ ಕಟ್ಟಿಕೊಂಡದ್ದು ಹೃದಯದ ಎಡಬದಿಗೆ ಮಾತ್ರ. ಬಲಬದಿಯ ಆರೋಗ್ಯವಂತ ಸ್ನಾಯುವೂ ಯಾಕೆ ಬಣ್ಣ ಬದಲಿಸಲಿಲ್ಲ?

"ಖರೇ ಹೇಳ್ರಿ. ನಿಮಗ ಕೊಟ್ಟ ತಾಟು ಖಾಲಿ ಬಂದೈತಿ. ಯಾರು ಉಂಡ್ರು?"

ಗೌರವ್ವ ಸೆರಗು ಸರಿಮಾಡಿಕೊಂಡಳು. "ಮಗ ಹೊರಗ ಕುಂತಾನ್ರಿ, ಕೆಲಸ ಬಿಟ್ಟು ಬಂದಾನ. ಅಂವ ಹಸದು ಕುಂತಾಗ ನನ್ನ ಗಂಟಲದಾಗ ಹೆಂಗ ಇಳಿಬೇಕ್ರಿ?"

"ನಿಮ್ಮ ಜೀವದ ಪ್ರಶ್ನೆ ಐತಿ, ನೀವ ಉಣಬೇಕು ಅಂತ ಬಡಕೊಂಡಿದ್ನೆಲ್ಲ. ಕಿವಿಗೆ ಬೀಳಲಿಲ್ಲೇನು?"

"ಬಿತ್ರಿ. ಆದ್ರ ಊಟ ಆತೇನು ಅಂತ ಕೇಳಿದವರಿಗೆ ಇಲ್ಲ ಅಂತ ಹೆಂಗ ಅನ್ನೂದ್ರಿ? ಅವರಿಗೂ ಬ್ಯಾಸರ ಆಗತೈತಿ."

ಅರುಂಧತಿಗೆ ಸಿಟ್ಟು ನೆತ್ತಿಗೇರಿತು. ಅದು ಮಗನ ಮೇಲೋ, ಈಕೆಯ ಮೇಲೋ, ವರ್ಷಗಟ್ಟಲೆ ಹೆಣಗಿ ಕಟ್ಟಿದ ತನ್ನ ಯಂತ್ರದ ಮೇಲೋ ತಿಳಿಯಲಿಲ್ಲ. ಇನ್ನೊಂದು ತಾಟು ತರಿಸಿ, ಎದುರಿಗೇ ಕುರ್ಚಿ ಎಳೆದುಕೊಂಡು ಕುಳಿತಳು. ಗೌರವ್ವ ನಾಚುತ್ತ ನಾಚುತ್ತ ರೊಟ್ಟಿ, ಪಲ್ಯ, ಅನ್ನ ಎಲ್ಲ ಉಂಡಳು. ಊಟ ಅರಗುವ ಹೊತ್ತಿಗೆ ಪರದೆಯ ಬಣ್ಣ ನಿಧಾನಕ್ಕೆ ಬದಲಾಯಿತು, ಎಡಬದಿಯಲ್ಲೂ ಬದಲಾಯಿತು. ಸ್ನಾಯು ಜೀವಂತವಾಗಿತ್ತು. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಯಿತು.

ಅರುಂಧತಿ ಹಳೆಯ ದಾಖಲೆಗಳನ್ನು ತೆರೆದಳು. ಹೃದಯ ಸತ್ತಿದೆ ಎಂದು ಎಷ್ಟು ಹೆಂಗಸರನ್ನು ಮನೆಗೆ ಕಳಿಸಿಬಿಟ್ಟಿದ್ದಳು. ಎಲ್ಲರನ್ನೂ ವಾಪಸು ಕರೆಸಬೇಕೆಂದು ಫೋನು ಹಿಡಿದು ಕುಳಿತಳು. ಮೊದಲ ಮನೆಯಲ್ಲಿ ಗಂಡ ಎತ್ತಿದ.

"ಆಕಿ ತೀರಿಕೊಂಡು ವರ್ಷಾತ್ರಿ. ಹೃದಯ ಸತ್ತೈತಿ ಅಂತ ನಿಮ್ಮ ಯಂತ್ರಾನ ಹೇಳಿತ್ತಲ್ರಿ."

ಅರುಂಧತಿ ಕೇಳಿದಳು, "ಪರೀಕ್ಷೆ ದಿನ ನೀವೂ ಆಕಿ ಕೂಡ ಬಂದಿದ್ರೇನ್ರಿ?"

"ಬಂದಿದ್ನೆಲ್ರಿ," ಎಂದ ಆತ. "ನಿಮ್ಮ ದವಾಖಾನಿ ಊಟ ಭಾಳ ಛಲೋ ಇತ್ರಿ."