ಒಲೆಬದಿಯ ಜಾಗ

"ಕೈ ಅದುಮಿದ್ದು ನಿಂಗೆ ಗೊತ್ತೇ ಆಗ್ಲಿಲ್ವಾ?" ಚೋಲ್ಗು ಕಿರುಚಿದ.

ಇನ್ಸುಕ್ ತನ್ನ ಎಡಗೈ ನೋಡಿಕೊಂಡಳು. ಚಳಿಗೆ ಬೆರಳುಗಳು ಮೂಲಂಗಿಯ ಹಾಗೆ ಬಿಳಿಚಿಕೊಂಡಿದ್ದವು. "ಇಲ್ಲ. ಜೋಮು ಹಿಡಿದಿತ್ತು," ಎಂದಳು.

"ನಿನ್ನಿಂದ ನಾವು ಸೋತ್ವಿ!"

ಐದನೇ ತರಗತಿಯವರು ಎರಡು ಸಾಲಾಗಿ, ಕೈ ಕೈ ಹಿಡಿದು ನಿಂತಿದ್ದರು. ಸಾಲಿನ ಈ ತುದಿಯವನು ಪಾದ, ಆ ತುದಿಯವಳು ಮಿದುಳು. ನಡುವೆ ನಿಂತವರೆಲ್ಲ ನರ ಮತ್ತು ಬೆನ್ನುಹುರಿ. ಯುನ್ ಮೇಷ್ಟ್ರು ಪಾದದ ಹೆಗಲು ತಟ್ಟಿದ ಕೂಡಲೇ ಅವನು ಪಕ್ಕದವರ ಕೈ ಅದುಮಬೇಕು. ಅವರು ಮುಂದಿನವರ ಕೈ ಅದುಮಬೇಕು. ಸುದ್ದಿ ಹೀಗೆ ಕೈಯಿಂದ ಕೈಗೆ ಓಡಿ ಕೊನೆಗೆ ಮುಟ್ಟಿದಾಗ, ಮಿದುಳು "ಅಯ್ಯೋ, ಬಿಸಿ!" ಎಂದು ಕೂಗಬೇಕು. ಮೊದಲು ಕೂಗಿದ ಸಾಲು ಗೆದ್ದಂತೆ.

ಈ ಸಾಲಿನಲ್ಲಿ ಸುದ್ದಿ ಇನ್ಸುಕ್‌ಳ ತನಕ ಬಂದು ಅಲ್ಲೇ ನಿಂತುಬಿಟ್ಟಿತ್ತು.

"ಗಲಾಟೆ ಸಾಕು, ಕೂತ್ಕೊಳ್ಳಿ," ಎಂದರು ಮೇಷ್ಟ್ರು. "ಕೆಂಡ ತುಳಿದ್ರೆ ನೋವು ಆಗೋದು ಎಲ್ಲಿ?"

"ಕಾಲಲ್ಲಿ ಸಾರ್!"

"ಅಲ್ಲ. ಕಾಲು ಬರೀ ಸುದ್ದಿ ಕಳಿಸುತ್ತೆ. ನರ ಅದನ್ನ ಬೆನ್ನುಹುರಿಗೆ ಒಯ್ಯುತ್ತೆ, ಬೆನ್ನುಹುರಿ ಮಿದುಳಿಗೆ. ಅಲ್ಲಿಗೆ ಮುಟ್ಟಿದ ಮೇಲೇನೇ ನಮಗೆ ನೋವು ಅಂತ ತಿಳಿಯೋದು. ತುಂಬಾ ಅರ್ಜೆಂಟ್ ಇದ್ರೆ ಬೆನ್ನುಹುರಿ ಮಿದುಳನ್ನ ಕೇಳ್ತಾನೂ ಕೂರಲ್ಲ. ತಾನೇ 'ತೆಗಿ ಕಾಲು!' ಅನ್ನುತ್ತೆ."

"ಸಾರ್, ಇನ್ಸುಕ್ ಥರ ನರ ನಿದ್ದೆ ಹೋದ್ರೆ?" ಚೋಲ್ಗು ಕೇಳಿದ.

"ಆವಾಗ ಕಾಲು ಸುಡ್ತಾ ಇದ್ರೂ ಮಿದುಳು ಹಾಡ್ ಹೇಳ್ಕೊಂಡು ಕೂತಿರುತ್ತೆ."

ಎಲ್ಲರೂ ನಕ್ಕರು. ಇನ್ಸುಕ್ ಕೂಡ ನಕ್ಕಳು.

ಮನೆಗೆ ಹೋಗುವ ದಾರಿಯುದ್ದಕ್ಕೂ ಚೋಲ್ಗು ಅವಳ ಬೆನ್ನು ಬಿಡಲಿಲ್ಲ. "ಸತ್ತ ನರ! ಏಯ್, ಸತ್ತ ನರ!" ಗುಡ್ಡದ ಏರು ಮಂಜುಗಟ್ಟಿತ್ತು. ಯಾರೂ ಜಾರದಿರಲೆಂದು ಮನೆಮನೆಯವರು ಉರಿದು ಮುಗಿದ ಕಲ್ಲಿದ್ದಲ ಬಿಲ್ಲೆಗಳನ್ನು ತುಳಿದು ಪುಡಿಮಾಡಿ ದಾರಿಗೆ ಹರಡಿದ್ದರು. ಇನ್ಸುಕ್ ಆ ಬೂದಿಯ ಮೇಲೆ ಬೇಗಬೇಗ ಹೆಜ್ಜೆ ಹಾಕಿದಳು.

ಮನೆಯಲ್ಲಿ ಅಜ್ಜಿ ಒಬ್ಬಳೇ ಇದ್ದಳು. ಅಪ್ಪ ಗಣಿಯಿಂದ ಬರುವುದು ಐದು ಗಂಟೆಗೆ. ಗಣಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಅಮ್ಮ ಬರುವುದು ಇನ್ನೂ ತಡ.

ಅಜ್ಜಿ ಒಲೆಬದಿಯಲ್ಲಿ, ಗೋಡೆಗೆ ಒರಗಿ ಕೂತಿದ್ದಳು. ಅಡುಗೆಮನೆಯ ಒಲೆಯ ಬಿಸಿ ನೆಲದಡಿಯಲ್ಲಿ ಹರಿದು ಇಡೀ ಕೋಣೆಯನ್ನು ಬೆಚ್ಚಗಿಡುತ್ತಿತ್ತು; ಅದು ಮೊದಲು ಮುಟ್ಟುವುದು ಆ ಮೂಲೆಗೇ. ಅಲ್ಲಿ ಎಣ್ಣೆಕಾಗದ ಅಂಟಿಸಿದ ನೆಲ ಸುಟ್ಟು ಸುಟ್ಟು ಕಂದುಬಣ್ಣಕ್ಕೆ ತಿರುಗಿತ್ತು. ಆ ಜಾಗ ಮನೆಯ ಹಿರಿಯರದು. ಅಪ್ಪ ಕೂಡ ಅಲ್ಲಿ ಕೂರುತ್ತಿರಲಿಲ್ಲ.

ಬೆಳಿಗ್ಗೆ ಅಜ್ಜಿ, "ಕಾಲು ಎರಡೂ ಹಿಮದಲ್ಲಿ ಹೂತಿಟ್ಟ ಹಾಗಿದೆ ಕಣೇ," ಎಂದಿದ್ದಳು. ಇನ್ಸುಕ್ ಸ್ಕೂಲಿಗೆ ಹೊರಡುವ ಮೊದಲು ಒಲೆಗೆ ಹೊಸ ಬಿಲ್ಲೆ ಇಟ್ಟು, ಉರಿ ಜೋರಾಗಲೆಂದು ಅದರ ಗಾಳಿಕಿಂಡಿಯನ್ನು ಪೂರ್ತಿ ತೆರೆದು ಹೋಗಿದ್ದಳು. ಅಪ್ಪ ಬೈಯುತ್ತಿದ್ದ ಕೆಲಸ ಅದು. ಆದರೆ ಅಜ್ಜಿಗೆ ಚಳಿಯಾಗಬಾರದಲ್ಲ?

"ಬಂದ್ಯಾ ಪುಟ್ಟಿ?" ಅಜ್ಜಿ ಮೊಳಕೆಕಾಳಿನ ಬೇರು ಚಿವುಟುತ್ತಾ, ಮೂಗಿನಲ್ಲೇ ಯಾವುದೋ ಹಳೆಯ ಹಾಡು ಗುನುಗುತ್ತಿದ್ದಳು. "ನಿಮ್ಮಪ್ಪನ ಅನ್ನ ಬೆಚ್ಚಗಿದೆಯಾ ನೋಡು."

ಅಪ್ಪನ ಅನ್ನದ ಹಿತ್ತಾಳೆ ಬಟ್ಟಲು ಎಂದಿನಂತೆ ಅಜ್ಜಿಯ ರಜಾಯಿಯ ಕೆಳಗಿತ್ತು. ಇನ್ಸುಕ್ ಕೈ ತೂರಿಸಿ ಬಟ್ಟಲು ಮುಟ್ಟಿದಳು. ಮುಟ್ಟಿದ್ದೇ ತಡ, ಏನಾಯಿತೆಂದು ತಿಳಿಯುವ ಮೊದಲೇ ಅವಳ ಕೈ ಹಿಂದಕ್ಕೆ ಹಾರಿತ್ತು. ಆಮೇಲೆ ಉರಿ ಬಂತು.

"ಅಮ್ಮಾ! ಕೆಂಡ ಆಗಿದೆ!"

ಅವಳು ರಜಾಯಿ ಎತ್ತಿದಳು. ಅಜ್ಜಿಯ ಎಡಪಾದ ಆ ಬಟ್ಟಲಿಗೆ ಆತುಕೊಂಡಿತ್ತು. ಅಲುಗಾಡದೆ, ಹಾಯಾಗಿ ಒರಗಿಕೊಂಡಿತ್ತು.

"ಅಜ್ಜಿ, ಕಾಲು! ಕಾಲು ಸುಟ್ಟಿದೆ!"

"ಯಾರ ಕಾಲು?" ಅಜ್ಜಿ ಕೇಳಿದಳು.

ಇನ್ಸುಕ್ ಎರಡು ಕೈಯಲ್ಲಿ ಪಾದವನ್ನು ಎಳೆದು ಈಚೆಗಿಟ್ಟಳು. ಕಿರುಬೆರಳಿನಿಂದ ಹಿಮ್ಮಡಿಯ ತನಕ ಚರ್ಮ ಬೆಳ್ಳಗೆ ಬೆಂದು, ಮೊಟ್ಟೆಯಷ್ಟು ದೊಡ್ಡ ಬೊಬ್ಬೆ ಎದ್ದಿತ್ತು. ಅಜ್ಜಿ ಬಗ್ಗಿ, ಪಕ್ಕದ ಮನೆಯವರ ಸಾಮಾನು ನೋಡುವಂತೆ ತನ್ನ ಪಾದ ನೋಡಿದಳು.

"ನೋಯ್ತಾ ಇದೆಯಾ ಅಜ್ಜಿ?"

"ಚೂರೂ ಇಲ್ಲ. ಅಳ್ಬೇಡ ಕಣೇ. ಜಾಡಿಯಿಂದ ಒಂದಿಷ್ಟು ಸೋಯಾ ಗೊಜ್ಜು ತಗೊಂಡ್ಬಾ."

ಹುಳಿಸಿಟ್ಟ ಸೋಯಾ ಗೊಜ್ಜನ್ನು ಸುಟ್ಟ ಗಾಯಕ್ಕೆ ಮೆತ್ತುವುದು ಆ ಕೇರಿಯ ಎಲ್ಲ ಅಜ್ಜಿಯರಿಗೂ ಗೊತ್ತಿದ್ದ ಮದ್ದು. ಇನ್ಸುಕ್ ತಂದಳು. ಅಜ್ಜಿ ಮೆತ್ತಿದಳು. ಮೇಲೆ ಬಟ್ಟೆ ಸುತ್ತಿ ದಪ್ಪ ಕಾಲುಚೀಲ ಎಳೆದುಕೊಂಡಳು.

"ನಿಮ್ಮಪ್ಪಂಗೆ ಹೇಳ್ಬೇಡ. ಗಣಿಯೊಳಗೆ ಇಳಿಯೋನು, ತಲೇಲಿ ಬೇರೆ ಯೋಚನೆ ಇರಬಾರದು."

ಇನ್ಸುಕ್ ತಲೆಯಾಡಿಸಿದಳು. ಅಜ್ಜಿ ಆ ಮಾತು ಹೇಳದಿದ್ದರೂ ಅವಳು ಅಪ್ಪನಿಗೆ ಹೇಳುತ್ತಿರಲಿಲ್ಲ. ಗಾಳಿಕಿಂಡಿ ತೆರೆದವಳು ಅವಳು.

ಮಾರನೆಯ ದಿನ ಸ್ಕೂಲಿಂದ ಬಂದವಳೇ ಕೇಳಿದಳು, "ನೋವಿದೆಯಾ?"

"ಇಲ್ಲ ಕಣೇ."

ಅದರ ಮರುದಿನವೂ ಕೇಳಿದಳು. "ಇಲ್ಲ ಅಂದ್ನಲ್ಲ! ಒಳ್ಳೆ ಪೊಲೀಸ್ ಥರ ಕೇಳ್ತೀಯಲ್ಲ."

ನೋವಿಲ್ಲ ಎಂದರೆ ವಾಸಿಯಾಗುತ್ತಿದೆ ಎಂದೇ ಇನ್ಸುಕ್ ಲೆಕ್ಕ ಹಾಕಿಕೊಂಡಳು. ಆ ಮಾತನ್ನು ದಿನವೂ ಒಮ್ಮೆ ಕೇಳಿಸಿಕೊಂಡ ಮೇಲೇ ಅವಳು ಪುಸ್ತಕ ಬಿಚ್ಚುತ್ತಿದ್ದಳು.

ಐದನೇ ದಿನ ಕೋಣೆಯಲ್ಲಿ ಒಂದು ವಾಸನೆ ಇತ್ತು. ಹುಳಿಸಿದ ಎಲೆಕೋಸಿನ ಕಿಮ್ಚಿಯದಲ್ಲ, ಗೊಜ್ಜಿನದೂ ಅಲ್ಲ. ಅಜ್ಜಿ ಕೂತಲ್ಲೇ ತೂಕಡಿಸುತ್ತಿದ್ದಳು. ಮುಖ ಕೆಂಪಗೆ ಜ್ವರದಲ್ಲಿ ಕಾಯುತ್ತಿತ್ತು. ಇನ್ಸುಕ್ ಕಾಲುಚೀಲವನ್ನು ಮೆಲ್ಲಗೆ ಎಳೆದಳು. ಬಟ್ಟೆಯ ಜೊತೆ ಚರ್ಮವೂ ಬಂತು. ಕಿರುಬೆರಳು ಅಪ್ಪನ ಗಣಿಯ ಕಲ್ಲಿದ್ದಲಿನಂತೆ ಕಪ್ಪಾಗಿತ್ತು.

ಅವಳು ಆ ಬೆರಳನ್ನು ಅದುಮಿದಳು. ಇನ್ನೊಮ್ಮೆ ಜೋರಾಗಿ ಅದುಮಿದಳು. ಅಜ್ಜಿ ಕಣ್ಣು ತೆರೆಯಲಿಲ್ಲ.

ತರಗತಿಯ ಆ ಉದ್ದನೆಯ ಸಾಲು ಅವಳಿಗೆ ನೆನಪಾಯಿತು. ಪಾದ ಅದುಮುತ್ತಲೇ ಇತ್ತು, ಅದುಮುತ್ತಲೇ ಇತ್ತು. ಕೈ ಹಿಡಿದುಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಅವಳು ಚಪ್ಪಲಿ ಮೆಟ್ಟುವುದನ್ನೂ ಮರೆತು ಇಳಿಜಾರಿನಲ್ಲಿ ಓಡಿದಳು. ಗಣಿಯ ಗೇಟಿನಲ್ಲಿ ಆಗತಾನೆ ಮೇಲೆ ಬಂದ ಗಂಡಸರೆಲ್ಲ ಒಂದೇ ಥರ ಕಪ್ಪಗಿದ್ದರು. "ಅಪ್ಪಾ!" ಎಂದು ಕೂಗಿದಳು. ಅವರಲ್ಲಿ ಒಬ್ಬ ತಿರುಗಿದ.

"ನಾನೇ ಅಪ್ಪಾ, ಕಿಂಡಿ ತೆಗೆದಿದ್ದು ನಾನೇ. ಅಜ್ಜಿ ಕಾಲು ಸುಟ್ಟೋಯ್ತು. ಐದು ದಿನ ಆಯ್ತು. ನಾನು ಹೇಳ್ಲಿಲ್ಲ."

ಅಪ್ಪ ಬೈಯಲಿಲ್ಲ, ಹೊಡೆಯಲೂ ಇಲ್ಲ. ಅವಳನ್ನು ದಾಟಿಕೊಂಡು ಗುಡ್ಡ ಹತ್ತಿದ. ಸ್ವಲ್ಪ ಹೊತ್ತಿನಲ್ಲಿ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತು, ಬೂದಿ ಹರಡಿದ ದಾರಿಯಲ್ಲಿ ರೈಲು ಸ್ಟೇಷನ್ನಿನ ಕಡೆ ಓಡಿದ. ಇನ್ಸುಕ್ ಹಿಂದೆಯೇ ಓಡಿದಳು.

ವೊಂಜು ಪಟ್ಟಣದ ಡಾಕ್ಟರ್ ಒಂದು ಸೂಜಿ ಹಿಡಿದು ಅಜ್ಜಿಯ ಪಾದ, ಕಣಕಾಲು, ಮೀನಖಂಡ ಎಲ್ಲ ಚುಚ್ಚಿ ನೋಡಿದರು. ಮೊಣಕಾಲ ಹತ್ತಿರ ಬಂದಾಗ ಮಾತ್ರ ಅಜ್ಜಿ "ಅಯ್ಯಪ್ಪಾ!" ಎಂದಳು.

"ಸಕ್ಕರೆ ಕಾಯಿಲೆ. ಕಾಲಿನ ನರ ಎಲ್ಲ ಯಾವತ್ತೋ ಸತ್ತುಹೋಗಿವೆ," ಎಂದರು ಡಾಕ್ಟರ್. "ಮೊದಲನೇ ದಿನವೇ ಕರ್ಕೊಂಡು ಬಂದಿದ್ರೆ..." ಬಾಗಿಲ ಬಳಿ ಇನ್ಸುಕ್ ನಿಂತಿದ್ದು ಕಾಣಿಸಿ ಅವರು ಮಾತು ನಿಲ್ಲಿಸಿದರು.

ಇಪ್ಪತ್ತು ದಿನದ ಮೇಲೆ ಅಜ್ಜಿ ಮನೆಗೆ ಬಂದಳು. ಎಡಗಾಲು ಮೊಣಕಾಲಿನ ಕೆಳಗೆ ಮುಗಿದುಹೋಗಿತ್ತು. ಒಂದು ಕಾಲುಚೀಲ ಪೆಟ್ಟಿಗೆಯಲ್ಲಿ ಒಂಟಿಯಾಗಿ ಉಳಿಯಿತು.

ಅಪ್ಪ ಗಾಳಿಕಿಂಡಿಗೆ ತಂತಿ ಬಿಗಿದು, ಅದು ಅರ್ಧಕ್ಕಿಂತ ಹೆಚ್ಚು ತೆರೆಯದಂತೆ ಮಾಡಿದ. ಇನ್ಸುಕ್ ಜೊತೆ ಮಾತು ಕಡಿಮೆ ಮಾಡಿದ. ಅವಳು ದಿನವೂ ಬೆಳಿಗ್ಗೆ ಎದ್ದು ನೆಲದ ಮೇಲೆ ತನ್ನ ಕೆನ್ನೆ ಇಟ್ಟು ಇಷ್ಟಿಷ್ಟೇ ಸರಿಯುತ್ತಾ ಹೋಗುತ್ತಿದ್ದಳು. ಎಲ್ಲಿ ನೂರು ಎಣಿಸುವ ತನಕ ಕೆನ್ನೆ ಚುರುಗುಟ್ಟುವುದಿಲ್ಲವೋ ಅಲ್ಲಿ ಅಜ್ಜಿಯ ಹಾಸಿಗೆ ಹಾಕುತ್ತಿದ್ದಳು. ಆ ಜಾಗ ಬಾಗಿಲ ಹತ್ತಿರ ಇತ್ತು.

ಒಂದು ಮಧ್ಯಾಹ್ನ ಚೋಲ್ಗುವಿನ ಅಮ್ಮ ಚೋಲ್ಗುವನ್ನು ಕರೆದುಕೊಂಡು, ಗೆಣಸು ಬೇಯಿಸಿ ತಂದಳು.

"ಅಯ್ಯೋ, ಇದೇನೇ ಇದು! ಕಾಲು ಕಳ್ಕೊಂಡ ಮುದುಕೀನ ಬಾಗಿಲ ಗಾಳಿಗೆ ಕೂರ್ಸಿದ್ದೀಯಾ? ಒಲೆಬದಿ ಖಾಲಿ ಬಿಟ್ಟು? ನಿಂಗೆ ಕರುಳಿದೆಯೇನೇ?"

ಇನ್ಸುಕ್ ತಲೆ ತಗ್ಗಿಸಿದಳು. ಚೋಲ್ಗು ಅಜ್ಜಿಯ ರಜಾಯಿಯನ್ನೇ ನೋಡುತ್ತಿದ್ದ. ಒಂದು ಕಡೆ ಉಬ್ಬಿತ್ತು, ಇನ್ನೊಂದು ಕಡೆ ಚಪ್ಪಟೆಯಾಗಿತ್ತು. ಅವನು ಅಮ್ಮನ ತೋಳು ಎಳೆದ. "ಅಮ್ಮಾ, ಸುಮ್ನಿರು. ಬಾ, ಹೋಗೋಣ."

ಅವರು ಹೋದ ಮೇಲೆ ಕೋಣೆ ತಣ್ಣಗಾಯಿತು. ಅಜ್ಜಿ ಗೆಣಸು ಮುಟ್ಟಲಿಲ್ಲ.

"ಪುಟ್ಟಿ."

"ಏನಜ್ಜಿ?"

"ಎಡಗಾಲಿಗೆ ಚಳಿ ಆಗ್ತಿದೆ ಕಣೇ. ಹೆಬ್ಬೆರಳು ಕೊರೀತಾ ಇದೆ."

ಇನ್ಸುಕ್ ರಜಾಯಿಯ ಚಪ್ಪಟೆ ಭಾಗವನ್ನು ನೋಡಿದಳು. ಕಾಲು ಇದ್ದಾಗ ಬಾರದ ಸುದ್ದಿ ಈಗ ಬರುತ್ತಿತ್ತು. ಕಳಿಸುವವರು ಇಲ್ಲ. ಮಿದುಳು ಮಾತ್ರ ಇನ್ನೂ ಆ ತುದಿಯಲ್ಲಿ ಕೈ ಚಾಚಿಕೊಂಡು ನಿಂತಿತ್ತು.

'ಅಜ್ಜಿ, ನಿಂಗೆ ಆ ಕಾಲು ಇಲ್ಲ' ಎಂದು ಹೇಳಬಹುದಿತ್ತು. ಅಜ್ಜಿಗೂ ಅದು ಗೊತ್ತಿತ್ತು. ಅದಕ್ಕೇ ಅವಳು ಗೋಡೆಯ ಕಡೆ ಮುಖ ತಿರುಗಿಸಿದ್ದಳು.

ಇನ್ಸುಕ್ ಪಕ್ಕದಲ್ಲಿ ಕೂತು, ತನ್ನ ಎರಡೂ ಅಂಗೈಗಳನ್ನು ಉಜ್ಜಿ ರಜಾಯಿಯ ಕೆಳಗೆ, ಆ ಖಾಲಿ ಜಾಗದಲ್ಲಿ ಇಟ್ಟಳು. ಹೆಬ್ಬೆರಳು ಇರಬೇಕಾಗಿದ್ದಲ್ಲಿ ಮೆಲ್ಲಗೆ ಮುಷ್ಟಿ ಮುಚ್ಚಿದಳು.

"ಈಗ?"

ಅಜ್ಜಿ ಕೈ ಚಾಚಿ, ಹುಡುಕಿ, ಇನ್ಸುಕ್‌ಳ ತೋಳು ಹಿಡಿದು ಒಮ್ಮೆ ಅದುಮಿದಳು.

ಇನ್ಸುಕ್ ಕೈ ತೆಗೆಯಲಿಲ್ಲ.