ಎದ್ದೈತೆ ಅಂದ್ಕೊಳ್ರೀ

ಆಂಬುಲೆನ್ಸ್‌ನವರಾದ ನಮಗೆ ಉಸಿರು ಕೊಡುವುದನ್ನು ಕಲಿಸಿದ್ದು ಒಳಗೆ ಗಾಳಿಚೀಲವೇ ಇಲ್ಲದ ರಬ್ಬರ್ ಬೊಂಬೆಯ ಮೇಲೆ. ಮುಖಕ್ಕೆ ಮಾಸ್ಕ್ ಇಟ್ಟು ಎಷ್ಟು ಗಾಳಿ ಒತ್ತಿದರೂ ಅದರ ಎದೆ ಏಳುತ್ತಿರಲಿಲ್ಲ. “ಎದ್ದೈತೆ ಅಂದ್ಕೊಳ್ರೀ” ಎಂದು ಮೇಲ್ವಿಚಾರಕರು ಎಲ್ಲರನ್ನೂ ಪಾಸು ಮಾಡಿದರು.

ಅದೇ ತಿಂಗಳು ಹೆಗ್ಗದ್ದೆಯ ಬೆಟ್ಟಮ್ಮ ಕಾಳುಮೆಣಸು ಕೊಯ್ಯುತ್ತಾ ಏಣಿಯಿಂದ ಬಿದ್ದಳು. ಆಸ್ಪತ್ರೆಯ ದಾರಿಯಲ್ಲಿ ನನ್ನ ಜೊತೆಗಾರ ಜಾವೀದ್ ದೋಣಿಗಲ್ ದಾಟುವವರೆಗೂ ಅವಳಿಗೆ ಗಾಳಿ ಒತ್ತಿದ. ಎದೆ ಏಳುತ್ತಿದೆ ಅಂದುಕೊಂಡೇ ಒತ್ತಿದ. ಅವಳು ಉಳಿಯಲಿಲ್ಲ. ಯಾರೂ ಏನೂ ಕೇಳಲಿಲ್ಲ.

ಮುಂದಿನ ತರಬೇತಿಗೂ ಅದೇ ಬೊಂಬೆ ಬಂತು. ಜಾವೀದ್ ಮಾಸ್ಕ್ ಇಟ್ಟ. ಅವನು ಒತ್ತುವ ಮೊದಲೇ ಎದೆ ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಮಾಸ್ಕಿನೊಳಗೆ ಆವಿ ಕಟ್ಟಿತು. ಹಸಿ ಕಾಳುಮೆಣಸಿನ ವಾಸನೆ ಬಂತು.

“ರಿಪೇರಿ ಮಾಡ್ಸವ್ರೆ ಕಣ್ರೀ” ಎಂದು ಮೇಲ್ವಿಚಾರಕರು ಖುಷಿಯಿಂದ ಮತ್ತೆ ಎಲ್ಲರನ್ನೂ ಪಾಸು ಮಾಡಿದರು.

ಅವರು ಹೋದ ಮೇಲೆ ನಾನು ಬೊಂಬೆಯ ಎದೆ ಬಿಚ್ಚಿ ಕೈ ಹಾಕಿದೆ. ಚೀಲ ಈಗಲೂ ಇರಲಿಲ್ಲ. ಒಳಗೆ ಬೆಚ್ಚಗಿತ್ತು.